‘ಬಂದಿತ್ತಾ? ಗೊತ್ತೇ ಆಗಲಿಲ್ಲ!’

ಸಾಗರದ ಕಡೆಯ ಸ್ನೇಹಿತನೊಬ್ಬ ಬೆಂಗಳೂರಿನಲ್ಲಿದ್ದಾನೆ. ಕಾದಂಬರಿ ಓದುವವ, ನಾಟಕಕ್ಕೆ ತಪ್ಪದೆ ಹೋಗುವವ, ಕನ್ನಡದಲ್ಲಿ ಒಳ್ಳೆಯ ಸಿನಿಮಾ ಬರುತ್ತಿಲ್ಲ ಎಂದು ಹದಿನೈದು ದಿನಕ್ಕೊಮ್ಮೆ ಕೊರಗುವವ. ಒಮ್ಮೆ ‘ಶಿವಮ್ಮ’ ನೋಡಿದೆಯಾ ಎಂದು ಕೇಳಿದೆ. “ಬಂದಿತ್ತಾ? ಗೊತ್ತೇ ಆಗಲಿಲ್ಲವಲ್ಲ ಮಾರಾಯ!” ಎಂದ.

ಬಂದಿತ್ತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಊರಿನವರನ್ನೇ ಹಾಕಿಕೊಂಡು ಜೈಶಂಕರ್ ಆರ್ಯರ್ ಮಾಡಿದ ಚಿತ್ರ ಅದು. ನೆಟ್‌ವರ್ಕ್ ಬಿಸಿನೆಸ್ಸಿನ ಸುಳಿಗೆ ಬಿದ್ದ ಬಡ ಹೆಂಗಸೊಬ್ಬಳ ಕಥೆ. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಅಲ್ಲಿಂದ ನಮ್ಮ ಚಿತ್ರಮಂದಿರಕ್ಕೆ ಬರುವ ಹೊತ್ತಿಗೆ 2024ರ ಜೂನ್ ಆಗಿತ್ತು. ಬಂದದ್ದೂ ಹೋದದ್ದೂ ಸ್ನೇಹಿತನಿಗೆ ತಿಳಿಯಲಿಲ್ಲ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಸಣ್ಣ ಸಿನಿಮಾ ನಮ್ಮ ಕಣ್ಣು ತಪ್ಪಿಸಿ ಹೋಗುವುದು ಹೇಗೆಂದು ನೋಡಹೊರಟರೆ, ನಾವೇ ಸಾಕಿಕೊಂಡ ಕೆಲವು ನಂಬಿಕೆಗಳು ದಾರಿಗೆ ಅಡ್ಡ ನಿಂತಿರುವುದು ಕಾಣುತ್ತದೆ.

“ಅದೆಲ್ಲ ಅವಾರ್ಡ್ ಸಿನಿಮಾ, ಬರೀ ಗೋಳು”

ಈ ನಂಬಿಕೆಯ ಬೇರು ದೂರದರ್ಶನದಲ್ಲಿದೆ. ಎಂಬತ್ತರ ದಶಕದ ಭಾನುವಾರದ ಮಧ್ಯಾಹ್ನಗಳಲ್ಲಿ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳು ಬರುತ್ತಿದ್ದವು. ಊಟ ಮುಗಿದ ಹೊತ್ತು, ಫ್ಯಾನಿನ ಗಾಳಿ, ಗೊತ್ತಿಲ್ಲದ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ಯಾರಾದರೂ ನಿದ್ದೆ ಮಾಡದೆ ಇರಲು ಸಾಧ್ಯವೇ? ಆ ನಿದ್ದೆಯ ಅಪವಾದವನ್ನು ನಾವು ಸಿನಿಮಾದ ತಲೆಗೆ ಕಟ್ಟಿದೆವು.

ಸ್ವತಂತ್ರ ಸಿನಿಮಾ ಎನ್ನುವುದು ಒಂದು ಬಗೆಯ ಕಥೆಯ ಹೆಸರಲ್ಲ. ದುಡ್ಡು ಯಾರದು, ಕೊನೆಯ ಮಾತು ಯಾರದು ಎನ್ನುವ ಪ್ರಶ್ನೆಗೆ ಸಿಗುವ ಉತ್ತರ ಅದು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ನೆನಪಿಸಿಕೊಳ್ಳಿ. ನಿರ್ಮಾಪಕರು ಕೈ ಹಿಡಿಯಲಿಲ್ಲ; ಅಂತರ್ಜಾಲದಲ್ಲಿ ಮನವಿ ಹಾಕಿದಾಗ ನೂರಕ್ಕೂ ಹೆಚ್ಚು ಜನ ಸೇರಿ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಆದರೆ ಸಿನಿಮಾದಲ್ಲಿ ಹಾಡಿದೆ, ಪ್ರೇಮವಿದೆ, ನಿದ್ದೆಗುಳಿಗೆಯ ಸುತ್ತ ಹೆಣೆದ ರೋಚಕ ಕಥೆಯಿದೆ. ನಾಯಕನೋ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ! ಅಂಥದ್ದನ್ನು ‘ಅವಾರ್ಡ್ ಸಿನಿಮಾ’ ಎಂದು ಯಾರೂ ಕರೆಯಲಾರರು. ಸ್ವತಂತ್ರ ಚಿತ್ರವಂತೂ ಹೌದು.

ಗೋಳಿನ ಮಾತಿಗೆ ‘ತಿಥಿ’ಯೇ ಸಾಕು. ಮಂಡ್ಯದ ಹಳ್ಳಿಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗನಿಗೆ ಜಮೀನು ಮಾರುವ ಅವಸರ, ಮರಿಮಗನಿಗೆ ಕುರಿ ಕಾಯುವ ಹುಡುಗಿಯ ಹಿಂದೆ ತಿರುಗುವ ಅವಸರ. ಮಗ ಗಡ್ಡಪ್ಪನಿಗೆ ಮಾತ್ರ ಯಾವ ಅವಸರವೂ ಇಲ್ಲ. ಬ್ರಾಂದಿ ಸೀಸೆ ಹಿಡಿದು ನಡೆಯುತ್ತಲೇ ಇರುತ್ತಾನೆ. ನಟಿಸಿದವರು ಆ ಸೀಮೆಯ ಜನ. ಕ್ಯಾಮೆರಾ ಮುಂದೆ ಹಿಂದೆಂದೂ ನಿಂತವರಲ್ಲ. ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡ ಜೊತೆಯಾಗಿ ಬರೆದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ತಂದಿತು. ಆದರೆ ಅದರ ನಗು ಸ್ವಿಟ್ಜರ್ಲೆಂಡಿನದಲ್ಲ, ಅಪ್ಪಟ ಮಂಡ್ಯದ್ದು. ಸಾವಿನ ಮನೆಯಲ್ಲಿ ಇಷ್ಟು ನಗಿಸಿದ ಕನ್ನಡ ಚಿತ್ರ ಇನ್ನೊಂದು ನನಗೆ ನೆನಪಾಗುತ್ತಿಲ್ಲ.

“ಚೆನ್ನಾಗಿದ್ದರೆ ತಾನಾಗಿಯೇ ಓಡುತ್ತದೆ ಬಿಡಿ”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ ನಂಬಿಕೆ ಇದು. ಕೇಳುವುದಕ್ಕೆ ನ್ಯಾಯದ ಮಾತಿನಂತಿದೆ. ಲೆಕ್ಕ ಬಿಡಿಸಿ ನೋಡಿದರೆ ಬೇರೆಯೇ ಇದೆ.

ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬರುತ್ತವೆ. ಇರುವುದು ಐವತ್ತೆರಡು ಶುಕ್ರವಾರ. ಅದರಲ್ಲೂ ಹಬ್ಬದ ವಾರ, ಸ್ಟಾರ್ ಚಿತ್ರದ ವಾರಗಳನ್ನು ಕಂಡು ಸಣ್ಣವರು ಹಿಂದೆ ಸರಿದು ಉಳಿದ ವಾರಗಳಲ್ಲಿ ಗುಂಪುಗೂಡುತ್ತಾರೆ. ಬೆಂಗಳೂರಿನ ಪರದೆಗಳ ಮೇಲೆ ಅದೇ ದಿನ ತಮಿಳು, ತೆಲುಗು, ಹಿಂದಿ, ಮಲಯಾಳ, ಇಂಗ್ಲಿಷ್ ಎಲ್ಲವೂ ಕಾಲೂರಬೇಕು. ಹೆಸರಿಲ್ಲದ ಚಿತ್ರಕ್ಕೆ ಸಿಗುವುದು ಬೆಳಗಿನ ಹತ್ತು ಗಂಟೆಯದೋ ಮಧ್ಯಾಹ್ನ ಎರಡರದೋ ಒಂದು ಶೋ, ಜನ ಆಫೀಸಿನಲ್ಲಿರುವ ಹೊತ್ತು. ಸೀಟು ತುಂಬಲಿಲ್ಲವೆಂದು ಭಾನುವಾರ ರಾತ್ರಿಯೊಳಗೆ ತೀರ್ಮಾನವಾಗುತ್ತದೆ, ಸೋಮವಾರ ಶೋ ಕಡಿಮೆಯಾಗುತ್ತದೆ, ಗುರುವಾರ ಹೆಸರೇ ಇರುವುದಿಲ್ಲ. ನಾನೇ ಒಮ್ಮೆ ಬುಧವಾರ ಹೋಗಿ, ಕೌಂಟರಿನ ಹುಡುಗ “ಆ ಪಿಚ್ಚರ್ ತೆಗೆದಾಯ್ತು ಸಾರ್, ಬೇರೆ ನೋಡ್ತೀರಾ?” ಎಂದದ್ದನ್ನು ಕೇಳಿ ಮರಳಿದ್ದೇನೆ. ತಪ್ಪು ಅವನದಲ್ಲ, ನಾನು ಬುಧವಾರ ಹೋದದ್ದು.

ಬಾಯಿಮಾತಿನ ಪ್ರಚಾರ ಹಬ್ಬಲು ಒಂದು ವಾರವಾದರೂ ಬೇಕು. ಚಿತ್ರಕ್ಕೆ ಸಿಗುವ ಆಯಸ್ಸು ಮೂರು ದಿನ. ಚೆನ್ನಾಗಿದೆ ಎಂಬ ಸುದ್ದಿ ನಿಮ್ಮನ್ನು ತಲುಪುವಾಗ ಚಿತ್ರ ಹೊರಟುಹೋಗಿರುತ್ತದೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ತೆರೆಕಂಡಾಗ ಥಿಯೇಟರಿನಲ್ಲಿ ನಿಲ್ಲಲಿಲ್ಲ. ಇವತ್ತು ಅದನ್ನು ‘ಕಲ್ಟ್’ ಎಂದು ಕೊಂಡಾಡುವವರಲ್ಲಿ ಅರ್ಧದಷ್ಟು ಜನ ಅಂದು ಟಿಕೆಟ್ ತೆಗೆದುಕೊಂಡಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

“ಹಾಗಾದರೆ ‘ಸು ಫ್ರಮ್ ಸೋ’ ಹೇಗೆ ಓಡಿತು?” ಎಂದು ಕೇಳಬಹುದು. ಜೆ.ಪಿ. ತುಮಿನಾಡು ನಿರ್ದೇಶನದ, ದೊಡ್ಡ ಸ್ಟಾರುಗಳಿಲ್ಲದ ಆ ಚಿತ್ರ 2025ರ ಜುಲೈನಲ್ಲಿ ಊರಿಗೆ ಊರೇ ನಗುವಂತೆ ಮಾಡಿದ್ದು ನಿಜ. ತಾನಾಗಿಯೇ ಓಡಿತು ಎನ್ನುವುದು ಮಾತ್ರ ನಿಜವಲ್ಲ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿ, ಬಾಯಿಮಾತಿಗೆ ಬೇಕಾದ ದಿನಗಳನ್ನು ಶುಕ್ರವಾರಕ್ಕಿಂತ ಮುಂಚೆಯೇ ಗಳಿಸಿಕೊಂಡಿದ್ದರು. ಅದರ ನಿರ್ಮಾಪಕರಲ್ಲೊಬ್ಬರಾದ ರಾಜ್ ಬಿ. ಶೆಟ್ಟಿ 2017ರ ‘ಒಂದು ಮೊಟ್ಟೆಯ ಕಥೆ’ಯಿಂದ ಕೂಡಿಟ್ಟ ನಂಬಿಕೆಯೂ ಬೆನ್ನಿಗಿತ್ತು. ಮೊದಲ ಸಲ ಸಿನಿಮಾ ಮಾಡಿ ಒಬ್ಬಂಟಿಯಾಗಿ ಗಾಂಧಿನಗರಕ್ಕೆ ಬಂದವನಿಗೆ ಇವೆರಡೂ ಇರುವುದಿಲ್ಲ.

ಇನ್ನು ದುಡ್ಡು. ನಾವು ಕೊಟ್ಟ ಇನ್ನೂರು ರೂಪಾಯಿ ಚಿತ್ರ ಮಾಡಿದವನ ಜೇಬಿಗೆ ಹೋಗುತ್ತದೆ ಎಂದುಕೊಂಡಿದ್ದೇವೆ. 18 ಪರ್ಸೆಂಟ್ ಜಿಎಸ್‌ಟಿ ಕಳೆದರೆ ಉಳಿಯುವುದು ಸುಮಾರು 169. ಮಲ್ಟಿಪ್ಲೆಕ್ಸಿನಲ್ಲಿ ಮೊದಲ ವಾರ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ ಚಿತ್ರದ ಪಾಲು 85ರ ಆಸುಪಾಸು. ಅದರಲ್ಲಿ ಡಿಸ್ಟ್ರಿಬ್ಯೂಟರ್ ಕಮಿಷನ್, ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರ್ ಖರ್ಚು. ವಾರ ಕಳೆದಂತೆ ಪಾಲು ಇನ್ನೂ ಇಳಿಯುತ್ತದೆ. ನಾವು ತಿಂದ ಪಾಪ್‌ಕಾರ್ನಿನಲ್ಲಿ ಅವನಿಗೆ ಬಿಡಿಗಾಸೂ ಇಲ್ಲ. ಸಿಂಗಲ್ ಸ್ಕ್ರೀನಿಗೆ ಹೋದರೆ ಹಲವು ಕಡೆ ವಾರದ ಬಾಡಿಗೆ ಪದ್ಧತಿ. ಜನ ಬಂದರೂ ಬಾರದಿದ್ದರೂ ನಿರ್ಮಾಪಕ ಬಾಡಿಗೆ ಕಟ್ಟಲೇಬೇಕು. ಹಾಗಾಗಿ ಶುಕ್ರವಾರದ ಟಿಕೆಟ್ ಮೂರನೇ ವಾರದ ಟಿಕೆಟ್‌ಗಿಂತ ಎರಡು ರೀತಿಯಲ್ಲಿ ತೂಕದ್ದು: ಪಾಲೂ ಹೆಚ್ಚು, ಶೋ ಉಳಿಯುವ ಅವಕಾಶವೂ ಹೆಚ್ಚು.

“ಸರ್ಕಾರ ಸಬ್ಸಿಡಿ ಕೊಡುತ್ತಲ್ಲ, ಇವರಿಗೇನು ಕಷ್ಟ?”

ಸಬ್ಸಿಡಿ ಸಿಗುವುದು ಸಿನಿಮಾ ಮಾಡಿ ಮುಗಿಸಿ, ಸೆನ್ಸಾರ್ ಪತ್ರ ಪಡೆದು, ಸಮಿತಿಯ ಮುಂದೆ ಇಟ್ಟು, ಆಯ್ಕೆಯಾದ ಮೇಲೆ. ಚಿತ್ರೀಕರಣದ ದಿನ ಊಟ ಹಾಕಿಸಲು ಅದು ಒದಗುವುದಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಸರ್ಕಾರದ ಗಡಿಯಾರ ಎಷ್ಟು ನಿಧಾನ ಎನ್ನುವುದಕ್ಕೆ ಒಂದೇ ಸಾಕ್ಷಿ ಸಾಕು: 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಸಬ್ಸಿಡಿಗಾಗಿಯೇ ಸುತ್ತಿ ಬಿಸಾಡಿದ ಚಿತ್ರಗಳೂ ಇವೆ, ಸುಳ್ಳು ಹೇಳಬಾರದು. ಅವುಗಳಿಂದ ಬಂದ ಕೆಟ್ಟ ಹೆಸರನ್ನು ಒಡವೆ ಅಡವಿಟ್ಟು ಸಿನಿಮಾ ಮಾಡಿದವರೂ ಹೊರಬೇಕಾಗಿದೆ.

“ಒಟಿಟಿಗೆ ಬಂದಮೇಲೆ ನೋಡಿದರಾಯಿತು”

ಬರುತ್ತದೆ ಎಂದು ಯಾರು ಹೇಳಿದ್ದು? ಸುಮಂತ್ ಭಟ್ ಮತ್ತು ಗೆಳೆಯರು ಕರಾವಳಿಯ ಕಥೆಗಳನ್ನಿಟ್ಟುಕೊಂಡು ಮಾಡಿದ ‘ಏಕಂ’ ಸರಣಿಯ ಹಿಂದೆ ರಕ್ಷಿತ್ ಶೆಟ್ಟಿಯವರಂಥ ಹೆಸರಿತ್ತು. ಆದರೂ ಒಟಿಟಿ ವೇದಿಕೆಗಳು ಕೊಳ್ಳಲಿಲ್ಲ. ಕೊನೆಗೆ 2024ರಲ್ಲಿ ತಮ್ಮದೇ ಜಾಲತಾಣ ತೆರೆದು ಪ್ರೇಕ್ಷಕರಿಗೆ ನೇರವಾಗಿ ಮಾರಬೇಕಾಯಿತು. ಥಿಯೇಟರಿನಲ್ಲಿ ಸದ್ದು ಮಾಡದ ಕನ್ನಡ ಚಿತ್ರವನ್ನು ಮುಂಗಡ ಕೊಟ್ಟು ಕೊಳ್ಳುವವರು ವಿರಳ. ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ಪಾಲು ಎನ್ನುವ ಒಪ್ಪಂದಕ್ಕೆ ಹಲವರು ಸಹಿ ಹಾಕುತ್ತಾರೆ. ಅಂದರೆ ‘ಒಟಿಟಿಗೆ ಬರಲಿ’ ಎಂದು ಕಾಯುವವರು ಹೆಚ್ಚಿದಷ್ಟೂ ಅದು ಒಟಿಟಿಗೆ ಬರುವ ದಾರಿ ಕಿರಿದಾಗುತ್ತದೆ.

ಟೆಲಿಗ್ರಾಂ ಲಿಂಕ್ ಹಂಚಿ “ಹತ್ತು ಜನ ನೋಡಲಿ ಅಂತ ಕಳಿಸಿದೆ” ಎನ್ನುವವರೂ ಇದ್ದಾರೆ. ಸಿನಿಮಾ ಕದ್ದು ಮುದ್ರಿಸಿ ಹಂಚುವುದಕ್ಕೆ 2023ರ ಕಾಯ್ದೆ ತಿದ್ದುಪಡಿಯ ನಂತರ ಕನಿಷ್ಠ ಮೂರು ತಿಂಗಳು ಜೈಲು, ಮೂರು ಲಕ್ಷ ದಂಡ ಎಂದಿದೆ. ಆದರೆ ಇಂಥವರ ಹತ್ತಿರ ಕಾಯ್ದೆಯ ಮಾತಿಗಿಂತ ಆ ಎಂಬತ್ತೈದು ರೂಪಾಯಿಯ ಲೆಕ್ಕ ಹೇಳುವುದೇ ವಾಸಿ.

“ಊರಿನ ಜನಕ್ಕೆ ಇದೆಲ್ಲ ಹಿಡಿಸುವುದಿಲ್ಲ”

ಇದನ್ನು ಹೇಳುವವರು ಸಾಮಾನ್ಯವಾಗಿ ನಗರದವರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಎಪ್ಪತ್ತರ ದಶಕದಲ್ಲೇ ನೀನಾಸಂ ಮೂಲಕ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರ ಮುಂದೆ ಸತ್ಯಜಿತ್ ರಾಯ್, ಕುರೊಸಾವರ ಚಿತ್ರಗಳನ್ನಿಟ್ಟರು. ಜನ ಕೂತು ನೋಡಿದರು, ಮಾತಾಡಿದರು. ಪರದೆಯ ಮೇಲೆ ಏನಾಗುತ್ತಿದೆ ಎಂದು ಬೇಕಾದಲ್ಲಿ ಕನ್ನಡದಲ್ಲಿ ಮೊದಲೇ ವಿವರಿಸಿದರೆ ಸಾಕಾಗುತ್ತಿತ್ತು. ಈ ಕೊರಗಪ್ಪ ಸ್ನೇಹಿತನ ಊರು ಅಲ್ಲಿಗೆ ದೂರವೇನಲ್ಲ. ಅವನ ಅಪ್ಪ ‘ಪಥೇರ್ ಪಾಂಚಾಲಿ’ ನೋಡಿದ್ದು ಹೆಗ್ಗೋಡಿನಲ್ಲೇ. ಜನಕ್ಕೆ ಹಿಡಿಸುವುದಿಲ್ಲ ಎನ್ನುವ ತೀರ್ಪು ಜನರ ಮುಂದೆ ಇಡುವುದಕ್ಕೆ ಮೊದಲೇ ಹೊರಬಿದ್ದಿರುತ್ತದೆ ಅಷ್ಟೆ.

“ಇಂಥವನ್ನು ಹುಡುಕುವುದಾದರೂ ಎಲ್ಲಿ?”

ಹುಡುಕಬೇಕು, ಅದು ನಿಜ. ಸ್ಟಾರ್ ಚಿತ್ರ ನಮ್ಮ ಮನೆ ಬಾಗಿಲಿಗೆ ಬರುತ್ತದೆ, ಇದಕ್ಕೆ ನಾವು ಹೋಗಬೇಕು. ನನಗೆ ಗೊತ್ತಿರುವ ಸುಲಭದ ದಾರಿಯೆಂದರೆ ಹೆಸರು ಹಿಡಿದು ಹೋಗುವುದು. ‘ತಿಥಿ’ ಇಷ್ಟವಾಯಿತೇ? ಅದರ ಬರಹಗಾರ ಈರೇಗೌಡರೇ ನಿರ್ದೇಶಿಸಿದ ‘ಬಳೆಕೆಂಪ’ 2018ರಲ್ಲಿ ರಾಟರ್ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು. ‘ಪೆಡ್ರೊ’ದಲ್ಲಿ ತಂದೆ ಗೋಪಾಲ ಹೆಗಡೆಯವರನ್ನೇ ಮುಖ್ಯ ಪಾತ್ರಕ್ಕೆ ನಿಲ್ಲಿಸಿದ ಉತ್ತರ ಕನ್ನಡದ ನಟೇಶ್ ಹೆಗಡೆ, 2025ರಲ್ಲಿ ‘ವಾಘಾಚಿಪಾಣಿ’ಯೊಂದಿಗೆ ಬರ್ಲಿನ್ ಉತ್ಸವದವರೆಗೆ ಹೋದರು. ‘ಪೆಡ್ರೊ’, ‘ಶಿವಮ್ಮ’ ಎರಡಕ್ಕೂ ಬಂಡವಾಳ ಹಾಕಿದವರು ‘ಕಾಂತಾರ’ದ ರಿಷಬ್ ಶೆಟ್ಟಿ, ದೊಡ್ಡ ಸಿನಿಮಾ ಸಣ್ಣದರ ಶತ್ರು ಎನ್ನುವ ಇನ್ನೊಂದು ನಂಬಿಕೆಯೂ ಇಲ್ಲೇ ಬಿದ್ದುಹೋಗುತ್ತದೆ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಎಂಬಿಬಿಎಸ್ ಓದಿ, ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿಗೆ ಹೋಗಿ, ನಮ್ಮ ಜಾನಪದದ ಅಜ್ಜಿಯ ಕೋಳಿಯ ಕಥೆಯನ್ನು ಹದಿನಾರು ನಿಮಿಷದ ಚಿತ್ರ ಮಾಡಿದರು. ಅದು 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಆ ಹೆಸರನ್ನು ಈಗಲೇ ಬರೆದಿಟ್ಟುಕೊಳ್ಳುವುದು ಲೇಸು.

ಹೆಸರು ಸಿಗುವ ಜಾಗಗಳೂ ಇವೆ. ಗೋವಾದ ಚಿತ್ರೋತ್ಸವಕ್ಕೆ ಮೊದಲು ಪ್ರತಿವರ್ಷ ಪ್ರಕಟವಾಗುವ ಇಂಡಿಯನ್ ಪನೋರಮಾ ಪಟ್ಟಿಯಲ್ಲಿ ಕನ್ನಡದ ಹೆಸರುಗಳನ್ನು ನೋಡಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳದೇ ಸ್ಪರ್ಧಾ ವಿಭಾಗವಿದೆ. ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿ 1971ರಿಂದ ಚಿತ್ರ ತೋರಿಸುತ್ತ ಬಂದಿದೆ. ನಿಮ್ಮ ಊರಿನಲ್ಲಿ ಇದ್ಯಾವುದೂ ಇಲ್ಲವೇ? ಕಾಲೇಜಿನ ಸಭಾಂಗಣ, ಒಂದು ಪ್ರೊಜೆಕ್ಟರ್, ನಿರ್ದೇಶಕರಿಗೆ ಒಂದು ಫೋನು. ಬರುತ್ತಾರೆ, ಖುಷಿಯಿಂದಲೇ ಬರುತ್ತಾರೆ. ಬಸ್ ಚಾರ್ಜಿನ ಜೊತೆ ಪ್ರದರ್ಶನದ ಸಂಭಾವನೆಯನ್ನೂ ಕೊಡಿ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ನಮ್ಮ ಪದ್ಧತಿಯಿಂದ ಲ್ಯಾಬಿನ ಬಿಲ್ಲು ತೀರುವುದಿಲ್ಲ.

“ಪಾಪ, ಕಷ್ಟಪಟ್ಟು ಮಾಡಿದ್ದಾರೆ, ಚೆನ್ನಾಗಿಲ್ಲ ಅನ್ನಬಾರದು”

ಪಾಪ ಎಂದು ಕೊಂಡ ಟಿಕೆಟ್ ಒಂದೇ ಸಲದ್ದು. ಸ್ವಂತ ದುಡ್ಡಿನಲ್ಲಿ ಮಾಡಿದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗುವುದಿಲ್ಲ. ಕೆಟ್ಟ ಸ್ವತಂತ್ರ ಚಿತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೈಯಬಹುದು. ಆದರೆ ನೋಡಿ ಬೈಯಬೇಕು.

ಈಚೆಗೆ ಆ ಸ್ನೇಹಿತನಿಗೆ ಗುರುವಾರ ರಾತ್ರಿಯೇ ಫೋನ್ ಮಾಡಿ, ಶನಿವಾರ ಬೆಳಗಿನ ಹತ್ತೂಕಾಲರ ಶೋಗೆ ಎಳೆದುಕೊಂಡು ಹೋದೆ. ಹೊಸಬರ ಚಿತ್ರ. ಇಡೀ ಹಾಲಿನಲ್ಲಿ ಹದಿನೇಳು ಜನ, ಎಣಿಸಿದ್ದು ಅವನೇ. ಹೊರಬಂದು ದೋಸೆ ಹೇಳಿ ಕೂತೆವು. “ಇಂಟರ್ವಲ್ ಆದಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಎಳೆದಿದ್ದಾನೆ ಮಾರಾಯ, ಆ ತಂಗಿ ಪಾತ್ರಕ್ಕೆ ಮೋಸ ಮಾಡಿದ್ದಾನೆ” ಎಂದು ಶುರುಮಾಡಿದ. ನಾನು ಇಲ್ಲವೆಂದೆ. ಕಾಫಿ ಎರಡು ಸಲ ಬಂತು, ಜಗಳ ಮುಗಿಯಲಿಲ್ಲ. ಬಿಲ್ ಕೊಡುವಾಗ ಫೋನ್ ತೆಗೆದು ಭಾನುವಾರಕ್ಕೆ ಎರಡು ಟಿಕೆಟ್ ಬುಕ್ ಮಾಡುತ್ತಿದ್ದ. “ಯಾರಿಗೆ?” ಎಂದೆ. “ತಂಗಿಗೆ. ಅವಳೇ ಹೇಳಲಿ, ಮೋಸವೋ ಅಲ್ಲವೋ ಅಂತ.”