ಹೆವಿ ಲೈಸೆನ್ಸಿನ ಫೀಸು ಯಾರು ಕಟ್ಟಬೇಕು?

ಎಂಜಿನಿಯರಿಂಗ್ ಓದೋಕೆ ಸಾಲ ಮಾಡ್ತೀವಿ ಅಂದರೆ ನಮ್ಮ ಕಡೆ ಯಾರೂ ಎರಡನೇ ಮಾತಾಡಲ್ಲ. ನನ್ನ ಓದಿಗೆ ಸಾಲ ಕೇಳೋಕೆ ಅಪ್ಪ ಹೋದಾಗ ಬ್ಯಾಂಕಿನ ಮ್ಯಾನೇಜರ್ ಕೂರಿಸಿ ಕಾಫಿ ಕೊಡಿಸಿದ್ದರಂತೆ. ಅದೇ ನಮ್ಮನೆಯ ಇನ್ನೊಬ್ಬ ಹುಡುಗ "ಲಾರಿ ಓಡಿಸೋದು ಸರಿಯಾಗಿ ಕಲೀಬೇಕು, ದುಡ್ಡು ಬೇಕು" ಅಂದಾಗ ಎಲ್ಲರೂ ಕೇಳಿದ್ದು ಒಂದೇ: "ಲಾರಿ ಕಲಿಯೋಕೂ ದುಡ್ಡು ಕೊಡಬೇಕಾ?"

ಹುಡುಗ ನನ್ನ ಚಿಕ್ಕಮ್ಮನ ಮಗ. 23 ವರ್ಷ. ಪಿಯುಸಿ ಮುಗಿಸಿ ಹಿರಿಯೂರಿನಲ್ಲಿ ಬೇರೆಯವರ ಟಾಟಾ ಏಸ್ ಓಡಿಸ್ತಿದ್ದ. ದಿನಕ್ಕೆ 600 ರೂಪಾಯಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳೋಳು ಮನೇಲಿ ನಾನೊಬ್ಬಳೇ ಆದ್ದರಿಂದ ಅವನ ಫೋನ್ ನನಗೇ ಬಂತು. "ಅಕ್ಕಾ, ಸುಮ್ನೆ ಕೊಡಬೇಡ, ಸಾಲ ಅಂತ ಕೊಡು."

ಕೊಡೋದೇನೋ ಸರಿ. ಆದರೆ ಯಾವುದಕ್ಕೆ, ಎಷ್ಟು, ಯಾರಿಗೆ? ಇದನ್ನು ತಿಳಿದುಕೊಳ್ಳೋಕೆ ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀನಿ. ಇಂಥ ಹುಡುಗರು ನಿಮ್ಮ ಮನೆಯಲ್ಲೂ ಇರಬಹುದು.

ಕ್ಲೀನರ್ ಆಗಿ ಕಟ್ಟಿದ ಫೀಸು

ಅವನ ಅಪ್ಪ, ಅಂದರೆ ನಮ್ಮ ಚಿಕ್ಕಪ್ಪ, 28 ವರ್ಷ ಲಾರಿ ಓಡಿಸಿದವರು. ಚಳ್ಳಕೆರೆಯ ಶೇಂಗಾ, ಚಿತ್ರದುರ್ಗದ ಈರುಳ್ಳಿ ಹೊತ್ತು ಮುಂಬೈವರೆಗೆ ಹೋಗಿ ಬಂದವರು. "ನಾನ್ಯಾವ ಸ್ಕೂಲಿಗೆ ಹೋಗಿದ್ದೆ? ಒಂದು ಪೈಸೆ ಕೊಡದೇ ಕಲಿತೆ" ಅಂತ ಅವರ ವಾದ.

ನಿಜವಾಗಿ ಕೇಳಿದರೆ ಅವರು ಕೊಟ್ಟಿದ್ದು ಕಡಿಮೆ ಏನಲ್ಲ. 16ನೇ ವಯಸ್ಸಿಗೆ ಕ್ಲೀನರ್ ಆಗಿ ಗಾಡಿ ಹತ್ತಿದರು. ಐದು ವರ್ಷ ಟಾರ್ಪಾಲು ಹೊದಿಸಿದರು, ಹಗ್ಗ ಬಿಗಿದರು, ಸ್ಟೆಪ್ನಿ ಬದಲಾಯಿಸಿದರು, ಡ್ರೈವರ್‌ಗೆ ಅಡುಗೆ ಮಾಡಿ ಹಾಕಿದರು. ಕೈಗೆ ಸಿಗುತ್ತಿದ್ದುದು ಊಟ, ಹಬ್ಬಕ್ಕೆ ಒಂದು ಜೊತೆ ಬಟ್ಟೆ, ಚಿಲ್ಲರೆ ಕಾಸು. ಗುರು ಖುಷಿಯಾಗಿದ್ದಾಗ ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಕೊಡ್ತಿದ್ದ. ಕೋಪ ಬಂದರೆ ಸ್ಪ್ಯಾನರ್ ಬೀಸ್ತಿದ್ದ. ಐದು ವರ್ಷದ ದುಡಿಮೆಯೇ ಅವರ ಫೀಸು. ರಸೀದಿ ಇಲ್ಲ ಅಷ್ಟೇ.

ಆ ದಾರಿ ಈಗ ಮುಚ್ಚುತ್ತಾ ಬಂದಿದೆ. ಬಾಡಿಗೆ ಲೆಕ್ಕದಲ್ಲಿ ಉಳಿಯೋದು ಕಡಿಮೆಯಾಗಿ ನಮ್ಮ ಕಡೆ ಎಷ್ಟೋ ಓನರ್‌ಗಳು ಕ್ಲೀನರ್ ಇಡೋದನ್ನೇ ನಿಲ್ಲಿಸಿದ್ದಾರೆ. ಒಬ್ಬನೇ ಡ್ರೈವರ್, ಒಂದು ಗಾಡಿ. ಕಲಿಸೋ ಗುರುವೂ ಇಲ್ಲ, ಕಲಿಯೋ ಸೀಟೂ ಇಲ್ಲ.

ಕಾನೂನಿನಲ್ಲಿ ಇರೋದು

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಸಾರಿಗೆ ವಾಹನ ಓಡಿಸೋಕೆ ಕನಿಷ್ಠ 20 ವರ್ಷ ಆಗಿರಬೇಕು. ಹೆವಿ ಎಲ್‌ಎಲ್‌ಆರ್ ಮಾಡಿಸೋಕೆ ಮೊದಲು ಕಾರಿನಂಥ ಲಘು ವಾಹನದ ಲೈಸೆನ್ಸ್ ಇದ್ದು ಒಂದು ವರ್ಷ ತುಂಬಿರಬೇಕು. ವೈದ್ಯರಿಂದ ಫಾರಂ 1-ಎ ಬೇಕು. ಮೊದಲು ಎಂಟನೇ ಕ್ಲಾಸ್ ಪಾಸಾಗಿರಬೇಕು ಅಂತಿತ್ತು. 2019ರಲ್ಲಿ ಅದನ್ನು ತೆಗೆದರು.

7,500 ಕೆಜಿವರೆಗಿನ ಸಾರಿಗೆ ವಾಹನಗಳನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅಂದರೆ ಟಾಟಾ ಏಸ್‌ಗೆ ತೊಂದರೆ ಇಲ್ಲ. ಆದರೆ ಆರು ಚಕ್ರದ ಲಾರಿ ಲೋಡ್ ಸೇರಿ 18.5 ಟನ್‌ವರೆಗೆ ತೂಗುತ್ತೆ. ಅದಕ್ಕೆ ಹೆವಿ ಲೈಸೆನ್ಸೇ ಬೇಕು. ಸರಿಯಾದ ಲೈಸೆನ್ಸ್ ಇಲ್ಲದವನ ಕೈಲಿ ಗಾಡಿ ಕೊಟ್ಟು ಅಪಘಾತವಾದರೆ, ಇನ್ಶೂರೆನ್ಸ್ ಕಂಪನಿ ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ಓನರ್‌ನಿಂದಲೇ ವಸೂಲಿ ಮಾಡಬಹುದು. ಹಾಗಾಗಿ ಓನರ್‌ಗಳೂ ಮೊದಲು ಕೇಳೋದು ಲೈಸೆನ್ಸೇ.

ಸರ್ಕಾರಕ್ಕೆ ಕಟ್ಟೋ ದುಡ್ಡು ಜಾಸ್ತಿ ಇಲ್ಲ. ಕೇಂದ್ರ ನಿಯಮದ ಪ್ರಕಾರ ಎಲ್‌ಎಲ್‌ಆರ್‌ಗೆ 150, ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟಿಗೆ 300, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸೋಕೆ 500. ಒಟ್ಟು 1,000 ರೂಪಾಯಿ. ಸೇವಾ ಶುಲ್ಕ ಅಂತ ಸ್ವಲ್ಪ ಮೇಲೆ ಕೆಳಗೆ ಆಗಬಹುದು. ಮಿಕ್ಕಿದ ದುಡ್ಡೆಲ್ಲ ಹೋಗೋದು ಕಲಿಕೆಗೆ, ಅಥವಾ ಕಲಿತ ಹಾಗೆ ತೋರಿಸೋದಕ್ಕೆ.

12 ನಿಮಿಷದ ಲೆಕ್ಕ

ಹೆವಿ ಟೆಸ್ಟಿಗೆ ಹೋಗೋಕೆ ಡ್ರೈವಿಂಗ್ ಸ್ಕೂಲು ಕೊಡೋ ಫಾರಂ 5 ಅನ್ನೋ ಪ್ರಮಾಣಪತ್ರ ಬೇಕು. ಸಾರಿಗೆ ವಾಹನಕ್ಕೆ ಕನಿಷ್ಠ 30 ದಿನ ತರಬೇತಿ, ಅದರಲ್ಲಿ ಕನಿಷ್ಠ 15 ಗಂಟೆ ಗಾಡಿ ಓಡಿಸಿರಬೇಕು ಅಂತ ನಿಯಮ ಇದೆ.

ನಾವು ಮೊದಲು ವಿಚಾರಿಸಿದ ಸ್ಕೂಲಿನಲ್ಲಿ "ಎಲ್ಲಾ ಸೇರಿ 14,000" ಅಂದರು. ತಮ್ಮ ಒಂದು ಬೆಳಿಗ್ಗೆ ಹೋಗಿ ನೋಡಿ ಬಂದ. ಒಂದು ಹಳೇ ಲಾರಿ, ಒಂದು ಗಂಟೆ, ಐದು ಹುಡುಗರು. ಒಬ್ಬೊಬ್ಬನ ಕೈಗೆ ಸ್ಟೀರಿಂಗ್ ಸಿಗೋದು 12 ನಿಮಿಷ. 30 ದಿನ ಒಂದೂ ತಪ್ಪದೇ ಹೋದರೂ ಆರು ಗಂಟೆ. ಕಾಗದದ ಮೇಲೆ ಮಾತ್ರ 15. ಅದೂ ಖಾಲಿ ಗಾಡಿ, ಸಪಾಟು ರಸ್ತೆ.

ಇನ್ನೊಂದು ಕಡೆ ಇನ್ನೂ ಸಲೀಸು. "9,000 ಕೊಡಿ, ಹುಡುಗ ಬರೋದೇ ಬೇಡ, ಟೆಸ್ಟ್ ದಿನ ಬಂದರೆ ಸಾಕು." ತಮ್ಮನಿಗೂ ಒಂದು ಕ್ಷಣ ಆಸೆಯಾಯಿತು. "ಲೈಸೆನ್ಸ್ ಬರಲಿ ಅಕ್ಕಾ, ಗಾಡಿ ಆಮೇಲೆ ಕಲೀತೀನಿ" ಅಂದ. ಆಮೇಲೆ ಅಂದರೆ ಎಲ್ಲಿ? ಬೇರೆಯವರು ಸ್ಕೂಟರ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗೋ ರಸ್ತೆಯಲ್ಲೇ ತಾನೇ?

ಇಲ್ಲಿ ಚಿಕ್ಕಪ್ಪ ಬಾಯಿ ಬಿಟ್ಟರು. ಅಲ್ಲಿವರೆಗೆ ದುಡ್ಡು ದಂಡ ಅಂತಿದ್ದವರು, "ಹಾಗೆ ಮಾಡೋದಾದ್ರೆ ಬೇಡವೇ ಬೇಡ" ಅಂದರು. ಲಾರಿಯ ಬ್ರೇಕು ಕಾರಿನ ಬ್ರೇಕಿನ ಹಾಗಲ್ಲ, ಗಾಳಿಯ ಒತ್ತಡದಿಂದ ಹಿಡಿಯೋದು. ಟ್ಯಾಂಕಿಯಲ್ಲಿ ಗಾಳಿ ತುಂಬೋವರೆಗೆ ಹೊರಡೋ ಹಾಗಿಲ್ಲ. ಲೋಡ್ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಡ್ರಮ್ ಕಾಯುತ್ತೆ, ಕಾದ ಬ್ರೇಕ್ ಹಿಡಿಯೋದಿಲ್ಲ. "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ ಅಂತ ನಮ್ಮ ಗುರು ಹೇಳ್ತಿದ್ದ. ಇದನ್ನ ಆ ಒಂಬತ್ತು ಸಾವಿರದವನು ಹೇಳ್ತಾನಾ ಕೇಳಮ್ಮಾ" ಅಂದರು.

ನಿಜವಾದ ಖರ್ಚು

ಮೂರನೆಯದು, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ. ಇಂಥ ಕೇಂದ್ರಗಳ ನಿಯಮ 2021ರ ಜುಲೈ 1ರಿಂದ ಜಾರಿಯಲ್ಲಿದೆ. ಸಿಮ್ಯುಲೇಟರ್ ಇರಬೇಕು, ಓಡಿಸೋಕೆ ಪ್ರತ್ಯೇಕ ಟ್ರ್ಯಾಕ್ ಇರಬೇಕು. ಭಾರಿ ವಾಹನದ ಕೋರ್ಸ್ ಆರು ವಾರಗಳಲ್ಲಿ ಹರಡಿದ 38 ಗಂಟೆ, ಪಾಠ ಮತ್ತು ಚಾಲನೆ ಎರಡೂ ಸೇರಿ. ಇಲ್ಲಿ ಪಾಸಾದವರಿಗೆ ಆರ್‌ಟಿಓದಲ್ಲಿ ಮತ್ತೆ ಡ್ರೈವಿಂಗ್ ಟೆಸ್ಟ್ ಇಲ್ಲ. ನಮಗೆ ಹೇಳಿದ ಫೀಸು 28,000.

ದುಬಾರಿ ಅನ್ನಿಸಿತು. ಲೆಕ್ಕ ಹಾಕಿ ನೋಡಿದೆ. 14,000ದ ಸ್ಕೂಲು ಹೇಳಿದ ಹಾಗೆ 15 ಗಂಟೆ ಕೊಟ್ಟರೂ ಗಂಟೆಗೆ 930 ರೂಪಾಯಿ ಮೇಲಾಗುತ್ತೆ. ಕೊಡೋ ಆರು ಗಂಟೆಗೆ ಲೆಕ್ಕ ಹಾಕಿದರೆ 2,300 ದಾಟುತ್ತೆ. ಈ ಕೇಂದ್ರದಲ್ಲಿ ಪಾಠವೂ ಸೇರಿ ಗಂಟೆಗೆ ಸುಮಾರು 740.

ಆದರೆ ಫೀಸೇ ಪೂರ್ತಿ ಖರ್ಚಲ್ಲ. ಕೇಂದ್ರ ಇರೋದು ದೂರದ ಊರಲ್ಲಿ. ರೂಮು, ಊಟಕ್ಕೆ 7,000. ಓಡಾಟಕ್ಕೆ 1,400. ಸರ್ಕಾರಿ ಶುಲ್ಕ 1,000. ಎಲ್ಲಕ್ಕಿಂತ ದೊಡ್ಡದು, ಆರು ವಾರ ಅವನ ದುಡಿಮೆ ನಿಲ್ಲುತ್ತೆ. 36 ದಿನಕ್ಕೆ 600ರಂತೆ 21,600. ಎಲ್ಲಾ ಸೇರಿ 59,000. ಬಡವರ ಮನೆಯ ಹುಡುಗನನ್ನು ಒಳ್ಳೆಯ ತರಬೇತಿಯಿಂದ ದೂರ ಇಡೋದು ಫೀಸು ಒಂದೇ ಅಲ್ಲ. ಕಲಿಯುವಾಗ ಮನೆಗೆ ದುಡ್ಡು ಬರೋದಿಲ್ಲವಲ್ಲ, ಅದು.

ನಾನು ಮೊದಲ ಕೆಲಸಕ್ಕೆ ಸೇರಿದಾಗ ತಿಂಗಳುಗಟ್ಟಲೆ ಟ್ರೇನಿಂಗ್ ಕೊಟ್ಟರು. ಆ ತಿಂಗಳುಗಳಿಗೆ ಸಂಬಳವನ್ನೂ ಕೊಟ್ಟರು. ನಾನು ಬರೆದ ಕೋಡ್ ತಪ್ಪಾದರೆ ಒಂದು ಸ್ಕ್ರೀನ್ ನಿಲ್ಲುತ್ತೆ. ಇವನ ಕೈಲಿರೋದು 18.5 ಟನ್.

ದುಡ್ಡು ಎಲ್ಲಿಂದ?

ಮೊದಲು ಬಂದವರು ಒಬ್ಬ ಲಾರಿ ಓನರ್. "ಫೀಸು ನಾನು ಕಟ್ಟತೀನಿ, ಎರಡು ವರ್ಷ ನನ್ನ ಗಾಡೀಲಿರಬೇಕು, ಲೈಸೆನ್ಸ್ ನನ್ನ ಹತ್ರ ಇರುತ್ತೆ." ನಾನೂ ಕಂಪನಿಯ ಬಾಂಡ್ ಪೇಪರಿಗೆ ಸಹಿ ಹಾಕಿದವಳೇ. ಆದರೆ ನನ್ನ ಡಿಗ್ರಿ ಸರ್ಟಿಫಿಕೇಟ್ ನನ್ನ ಮನೆಯ ಬೀರುವಿನಲ್ಲೇ ಇತ್ತು. ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಬರೆದೂ ಇತ್ತು. ಇಲ್ಲಿ ಸಂಬಳ ಎಷ್ಟು, ಬಿಟ್ಟರೆ ಎಷ್ಟು, ಯಾವುದೂ ಕಾಗದದಲ್ಲಿಲ್ಲ. ಬೇಡ ಅಂದೆವು.

ಬ್ಯಾಂಕಿನಲ್ಲಿ ಕೌಶಲ ಸಾಲ ಅಂತ ಒಂದಿದೆ. 2015ರಲ್ಲಿ ಶುರುವಾದಾಗ ಮಿತಿ 1.5 ಲಕ್ಷ, 2024ರಲ್ಲಿ 7.5 ಲಕ್ಷಕ್ಕೆ ಏರಿಸಿದರು. ಆದರೆ ಯೋಜನೆಗೆ ಒಳಪಟ್ಟ ಕೋರ್ಸಿಗೇ ಅದು ಸಿಗೋದು. ಬೀದಿ ತುದಿಯ ಡ್ರೈವಿಂಗ್ ಸ್ಕೂಲಿಗೆ ಸಿಗಲ್ಲ. ಸೇರೋ ಮೊದಲೇ ಕೇಂದ್ರದವರನ್ನೂ ಬ್ಯಾಂಕಿನವರನ್ನೂ ಕೇಳಬೇಕು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಯುವಜನರಿಗೆ ಕೆಎಸ್‌ಆರ್‌ಟಿಸಿ ಮೂಲಕ ಉಚಿತ ಭಾರಿ ವಾಹನ ತರಬೇತಿ ಕೊಡಿಸಿದ್ದೂ ಇದೆ. ಅರ್ಹರಿದ್ದರೆ ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ, ಈಗ ಅರ್ಜಿ ಕರೆದಿದ್ದಾರಾ ಅಂತ ವಿಚಾರಿಸಿ.

ಕೊನೆಗೆ ನಮ್ಮ ಮನೆಯಲ್ಲಿ ಮೂರು ಕೈ ಸೇರಿತು. ಫೀಸಿನ 28,000 ನಾನು ನೇರವಾಗಿ ಕೇಂದ್ರಕ್ಕೇ ಕಟ್ಟಿ ರಸೀದಿ ತಗೊಂಡೆ. ಊಟ, ರೂಮು, ಓಡಾಟಕ್ಕೆ ಚಿಕ್ಕಮ್ಮ ಸಂಘದಲ್ಲಿ 10,000 ತೆಗೆದರು. ಆರು ವಾರ ಮನೆ ನಡೆಸೋಕೆ ಅವನ ಉಳಿತಾಯ. ಚಿಕ್ಕಪ್ಪ ದುಡ್ಡು ಕೊಡಲಿಲ್ಲ. ಬದಲಿಗೆ ದಿನಾ ರಾತ್ರಿ ಫೋನ್ ಮಾಡಿ ಪರೀಕ್ಷೆ ತಗೊಂಡರು. "ಎಕ್ಸಾಸ್ಟ್ ಬ್ರೇಕ್ ಯಾವಾಗ ಹಾಕ್ತೀಯಾ ಹೇಳು. ರಿವರ್ಸ್‌ನಲ್ಲಿ ಯಾವ ಕನ್ನಡಿ ಮೊದಲು ನೋಡ್ತೀಯಾ?"

ಆಮೇಲೆ

ಈಗ ಅವನು ಹಿರಿಯೂರು–ಮಂಗಳೂರು ಓಡೋ ಆರು ಚಕ್ರದ ಗಾಡಿಯಲ್ಲಿ ಎರಡನೇ ಡ್ರೈವರ್. ತಿಂಗಳಿಗೆ 20,000, ಟ್ರಿಪ್ಪಿಗೆ ಬಾಟಾ ಬೇರೆ. ಮೊದಲು 26 ದಿನಕ್ಕೆ 15,600 ಬರ್ತಿತ್ತು. ಹೆಚ್ಚಾದ 4,400ರ ಲೆಕ್ಕದಲ್ಲಿ ಹಾಕಿದ 59,000 ವಾಪಸ್ ಬರೋಕೆ ಹದಿಮೂರು ಹದಿನಾಲ್ಕು ತಿಂಗಳು ಬೇಕು. "ಡ್ರೈವರ್‌ಗೆ ಹೆಣ್ಣು ಯಾರು ಕೊಡ್ತಾರೆ" ಅನ್ನೋ ಚಿಕ್ಕಮ್ಮನ ಚಿಂತೆಗೆ ನನ್ನ ಲೆಕ್ಕದಲ್ಲಿ ಉತ್ತರ ಇಲ್ಲ.

ನಿಮ್ಮನೆ ಹುಡುಗ ಕೇಳಿದರೆ ಹೀಗೆ ಮಾಡಿ. ದುಡ್ಡು ಕಟ್ಟೋ ಮೊದಲು ಒಂದು ದಿನ ಹೋಗಿ, ಒಂದು ಗಾಡಿಗೆ ಎಷ್ಟು ಜನ ಅಂತ ಎಣಿಸಿ. ಲೋಡ್ ಹಾಕಿ ಓಡಿಸ್ತಾರಾ, ರಾತ್ರಿ ಓಡಿಸ್ತಾರಾ ಕೇಳಿ. ಫೀಸನ್ನು ಕಂತಿನಲ್ಲಿ, ರಸೀದಿ ತಗೊಂಡು ಕಟ್ಟಿ. ಓನರ್ ಕಟ್ಟೋದಾದರೆ ಕರಾರು ಬರವಣಿಗೆಯಲ್ಲಿರಲಿ, ಲೈಸೆನ್ಸ್ ಮಾತ್ರ ಹುಡುಗನ ಜೇಬಿನಲ್ಲೇ ಇರಲಿ.

ಇನ್ನೊಂದು ಮಾತು, ಸಾಲ ಕೊಡೋರಿಗೆ. ಮೊದಲ ತಿಂಗಳೇ ಅವನು, "ಅಕ್ಕಾ, ಎರಡು ಟ್ರಿಪ್ ಜಾಸ್ತಿ ಹೊಡೆದು ಐದೈದು ಸಾವಿರ ಕೊಟ್ಟು ಬೇಗ ತೀರಿಸ್ತೀನಿ" ಅಂದ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. ಹೈವೇಯಲ್ಲಿ ಆ ಲೆಕ್ಕ ಇಡೋರು ಕಡಿಮೆ. ಡ್ರೈವರ್ ನಿದ್ದೆಗೆಡೋಕೆ ಓನರ್ ಅವಸರ ಒಂದೇ ಕಾರಣ ಅಲ್ಲ, ಮನೆಯ ಸಾಲವೂ ಕಾರಣ. ತಿಂಗಳಿಗೆ 2,000ಕ್ಕಿಂತ ಒಂದು ರೂಪಾಯಿ ಹೆಚ್ಚು ಕಳಿಸಿದರೂ ತಗೊಳ್ಳಲ್ಲ ಅಂತ ಹೇಳಿದೀನಿ. ಹದಿನಾಲ್ಕು ಕಂತು. ಇಲ್ಲಿವರೆಗೆ ನಾಲ್ಕು ಬಂದಿವೆ. ನನಗೆ ಅವಸರ ಇಲ್ಲ.