ಹಾಸು, ಹೊಕ್ಕು ಮತ್ತು ನವಲಗುಂದದ ಜಮಖಾನ

ಹಾಸ್ಟೆಲ್ ಗಣಪತಿ ಕೂರಿಸುವಾಗ, ಊರಲ್ಲಿ ಮದುವೆ ಮಾತುಕತೆ ನಡೆಯುವಾಗ ನಾವೆಲ್ಲ ಕೂತು ಎದ್ದಿರೋದು ಜಮಖಾನದ ಮೇಲೇ. ಆದ್ರೆ ಅದನ್ನ ಹೇಗೆ ನೇಯ್ತಾರೆ ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಉತ್ತರ ಇರಲ್ಲ. ಎಂಜಿನಿಯರಿಂಗ್ ಓದೋರಿಗೆ ಇದರಲ್ಲಿ ಕಲಿಯೋಕೆ ಸಾಕಷ್ಟಿದೆ.

ನವುಲೆಯಲ್ಲಿ ಕೂತು ನಾವು ಬರೀತಿರೋದು ನವಲಗುಂದದ ಬಗ್ಗೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗೋ ದಾರಿಯಲ್ಲಿ ಸಿಗೋ ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರ ಅದು. 1980ರ ರೈತ ಬಂಡಾಯದಿಂದ ಆ ಹೆಸರು ನಿಮಗೆ ಪರಿಚಯ ಇರಬಹುದು. ಅದೇ ಊರಿನ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ.

ಮಗ್ಗದ ಲೆಕ್ಕ

"ಜೀವನದಲ್ಲಿ ಹಾಸುಹೊಕ್ಕಾಗಿದೆ" ಅಂತ ಪ್ರಬಂಧಗಳಲ್ಲಿ ಬರೀತೀವಲ್ಲ, ಆ ಪದ ಬಂದಿದ್ದು ಮಗ್ಗದಿಂದ. ಮೊದಲೇ ಬಿಗಿಯಾಗಿ ಕಟ್ಟಿಟ್ಟ ಉದ್ದದ ದಾರ ಹಾಸು. ಅದರ ನಡುವೆ ಅಡ್ಡಡ್ಡ ಸಾಗೋ ದಾರ ಹೊಕ್ಕು.

ಸೀರೆ ಮಗ್ಗದಲ್ಲಿ ಲಾಳಿ ಈ ತುದಿಯಿಂದ ಆ ತುದಿಗೆ ಹೋಗುತ್ತೆ. ನವಲಗುಂದದ ಮಗ್ಗ ಗೋಡೆಗೆ ಒರಗಿಸಿದ ಚೌಕಟ್ಟಿನ ಹಾಗೆ ನೆಟ್ಟಗೆ ನಿಂತಿರುತ್ತೆ, ಲಾಳಿಯ ಕೆಲಸ ಕೈಯದ್ದೇ. ಕೆಂಪು ಬೇಕಾದ ಕಡೆ ಕೆಂಪು ದಾರವನ್ನು ಅಷ್ಟೇ ಹಾಸಿನೊಳಗೆ ತೂರಿಸಿ ವಾಪಸ್ ತಿರುಗಿಸ್ತಾರೆ. ಪಕ್ಕದಲ್ಲಿ ಹಳದಿ, ಅದರ ಪಕ್ಕ ಹಸಿರು. ಒಂದು ಸಾಲು ಮುಗಿದ ಮೇಲೆ ಪಂಜಾ ಅನ್ನೋ ಕಬ್ಬಿಣದ ಬಾಚಣಿಗೆಯಿಂದ ಹೊಡೆದು ಕೂರಿಸ್ತಾರೆ. ಹೊಕ್ಕು ಎಷ್ಟು ದಟ್ಟವಾಗಿ ಕೂರುತ್ತೆ ಅಂದ್ರೆ ಹಾಸು ಕಣ್ಣಿಗೇ ಕಾಣಲ್ಲ. ಅಂದ್ರೆ ನಾವು ನೋಡೋ ಬಣ್ಣವೆಲ್ಲ ಹೊಕ್ಕಿನದ್ದು, ಭಾರ ಹೊರೋದು ಮಾತ್ರ ಹಾಸು.

ಇಲ್ಲೊಂದು ಡಿಸೈನ್ ಸಮಸ್ಯೆ ಇದೆ. ಎರಡು ಬಣ್ಣ ಒಂದೇ ನೇರ ಗೆರೆಯಲ್ಲಿ ಮೇಲೆ ಮೇಲೆ ತಿರುಗ್ತಾ ಹೋದ್ರೆ ಆ ಜಾಗದಲ್ಲಿ ಸೀಳು ಉಳಿಯುತ್ತೆ, ಬಟ್ಟೆ ಅಲ್ಲೇ ದುರ್ಬಲ. ಇದಕ್ಕೆ ಎರಡು ದಾರಿ. ಒಂದು, ಎರಡೂ ಬಣ್ಣದ ದಾರಗಳನ್ನ ಒಂದಕ್ಕೊಂದು ಕೊಂಡಿ ಹಾಕೋದು. ಇನ್ನೊಂದು, ಗೆರೆಯನ್ನ ಪ್ರತಿ ಸಾಲಿಗೆ ಸ್ವಲ್ಪ ಪಕ್ಕಕ್ಕೆ ಸರಿಸಿ ಮೆಟ್ಟಿಲು ಮಾಡೋದು. ಇಂಥ ನೇಯ್ಗೆಯಲ್ಲಿ ನವಿಲು ಕೂಡ ಮೂಲೆ ಮೂಲೆಯಾಗಿ, ಹಳೇ ವಿಡಿಯೋ ಗೇಮಿನ ಪಿಕ್ಸೆಲ್ ಚಿತ್ರದ ಹಾಗೆ ಕಾಣೋದು ಇದಕ್ಕೇ. ಇಲ್ಲಿನ ಇನ್ನೊಂದು ಪ್ರಸಿದ್ಧ ವಿನ್ಯಾಸ ಪಗಡೆ ಹಾಸು. ಅದಂತೂ ಮೊದಲೇ ಚೌಕಗಳ ಆಟ, ಮಗ್ಗಕ್ಕೆ ಹೇಳಿ ಮಾಡಿಸಿದ ಹಾಗಿದೆ.

ತುರ್ಕಮೆನ್ ದಾರಿ

ಇದೇ ಸಮಸ್ಯೆಗೆ ಮಧ್ಯ ಏಷ್ಯಾದ ತುರ್ಕಮೆನ್ ಹೆಂಗಸರು ಬೇರೆ ಉತ್ತರ ಕಂಡುಕೊಂಡರು: ಗಂಟು. ಹಾಸಿನ ಎರಡೆರಡು ಎಳೆಗೆ ಉಣ್ಣೆಯ ಒಂದು ಗಂಟು ಹಾಕಿ ಕತ್ತರಿಸ್ತಾರೆ. ಒಂದು ಗಂಟು ಅಂದ್ರೆ ಒಂದು ಪಿಕ್ಸೆಲ್. ಗಂಟಿನ ಸಾಲುಗಳ ನಡುವೆ ಹೊಕ್ಕು ಈ ತುದಿಯಿಂದ ಆ ತುದಿಗೆ ಹೋಗೋದರಿಂದ ಸೀಳಿನ ಪ್ರಶ್ನೆಯೇ ಬರಲ್ಲ. ಅವರು ಅಲೆಮಾರಿಗಳು, ಹಾಗಾಗಿ ಮಗ್ಗವನ್ನ ನೆಲಕ್ಕೆ ಗೂಟ ಹೊಡೆದು ಕಟ್ಟೋರು, ಹೊರಡುವಾಗ ಸುತ್ತಿಕೊಂಡು ಹೋಗೋರು. ಮಂಜಿಷ್ಠದ ಬೇರಿನಿಂದ ತೆಗೆದ ಕೆಂಪು, ಅದರ ಮೇಲೆ 'ಗುಲ್' ಅನ್ನೋ ಎಂಟು ಮೂಲೆಯ ಚಿಹ್ನೆಗಳು. ಬುಡಕಟ್ಟಿಗೊಂದು ಗುಲ್. 1992ರಲ್ಲಿ ಬಂದ ತುರ್ಕಮೆನಿಸ್ತಾನದ ಬಾವುಟದಲ್ಲೂ ಅಂಥ ಐದು ಗುಲ್ ಇವೆ. 2019ರಲ್ಲಿ ಯುನೆಸ್ಕೋ ಈ ಕಲೆಯನ್ನ ತನ್ನ ಪಟ್ಟಿಗೆ ಸೇರಿಸಿತು.

ಗಂಟಿನ ಶ್ರಮ ಎಷ್ಟು ಅಂತ ತಿಳಿಯೋಕೆ ಒಂದು ಲೆಕ್ಕ ಮಾಡೋಣ. 1949ರಲ್ಲಿ ಸೈಬೀರಿಯಾದ ಅಲ್ಟಾಯ್ ಪರ್ವತದ ಹಿಮಗಟ್ಟಿದ ಸಮಾಧಿಯೊಂದರಲ್ಲಿ ಪಜಿರಿಕ್ ರತ್ನಗಂಬಳಿ ಸಿಕ್ಕಿತು. ವಯಸ್ಸು ಎರಡು ಸಾವಿರ ವರ್ಷಕ್ಕೂ ಹೆಚ್ಚು. ಅಳತೆ 183 × 200 ಸೆಂ.ಮೀ., ಚದರ ಸೆಂಟಿಮೀಟರಿಗೆ ಸುಮಾರು 36 ಗಂಟು. ಗುಣಿಸಿದ್ರೆ 13 ಲಕ್ಷ ದಾಟುತ್ತೆ. ದಿನಕ್ಕೆ 5,000 ಗಂಟು ಅಂತಿಟ್ಟುಕೊಂಡರೂ ಒಬ್ಬರಿಗೆ 260 ದಿನ ಬೇಕು.

ಸೊಸೆಗೆ ಮಾತ್ರ

ನವಲಗುಂದದಲ್ಲೂ ಜಮಖಾನ ನೇಯೋದು ಹೆಂಗಸರೇ. ಆದಿಲ್‌ಶಾಹಿ ಕಾಲದಲ್ಲಿ ಯುದ್ಧಕ್ಕೆ ಹೆದರಿ ವಿಜಯಪುರದಿಂದ ಬಂದ ಮುಸ್ಲಿಂ ಕುಟುಂಬಗಳು ಈ ವಿದ್ಯೆ ತಂದವು ಅಂತ ಹೇಳ್ತಾರೆ. ಮಗಳಿಗೆ ಕಲಿಸಿದ್ರೆ ಗಂಡನ ಮನೆಗೆ ಹೋಗಿ ಗುಟ್ಟು ಬಿಟ್ಟುಕೊಡ್ತಾಳೆ ಅಂತ, ಸೊಸೆಗೆ ಮಾತ್ರ ಕಲಿಸೋ ಪದ್ಧತಿ ಇತ್ತಂತೆ.

ಆಗ ಅದು ಒಳ್ಳೇ ಭದ್ರತೆ. ಆದ್ರೆ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ಬ್ಯಾಕಪ್ ಇಲ್ಲದ ಸರ್ವರ್. ಸೊಸೆಗೆ ಬೇರೆ ಕೆಲಸದಲ್ಲಿ ಹೆಚ್ಚು ಕೂಲಿ ಸಿಕ್ಕಿದ್ರೆ ಆ ಮನೆಯ ಮಗ್ಗ ನಿಂತ ಹಾಗೆ. ದಿನಗಟ್ಟಲೆ ಕೂತು ನೇಯ್ದ ಜಮಖಾನ ಪವರ್‌ಲೂಮ್ ಮಾಲಿನ ರೇಟಿಗೆ ಸ್ಪರ್ಧೆ ಮಾಡಬೇಕು. ಹಾಗಿದ್ದ ಮೇಲೆ ಅವಳು ಬೇರೆ ಕೆಲಸ ಹುಡುಕಿದ್ರೆ ತಪ್ಪು ಅನ್ನೋಕಾಗಲ್ಲ. ಈಗ ನೇಯೋರು ಕೆಲವೇ ಜನ ಉಳಿದಿದ್ದಾರೆ. ಜಿಐ ಟ್ಯಾಗ್ ಹೆಸರನ್ನ ಕಾಪಾಡುತ್ತೆ, ಬೇರೆಯವರು ಆ ಹೆಸರಲ್ಲಿ ಮಾರೋ ಹಾಗಿಲ್ಲ. ಆದ್ರೆ ನೇಯೋರಿಗೆ ಕೂಲಿ ಸಿಗೋದು ಯಾರಾದ್ರೂ ಕೊಂಡಾಗ ಮಾತ್ರ.

ವಿನ್ಯಾಸವನ್ನೇನೋ ನಾವು ಸ್ಕ್ಯಾನ್ ಮಾಡಿ ಗ್ರಾಫ್ ಶೀಟಿಗೆ ಇಳಿಸಬಹುದು, ನಮ್ಮ ಪ್ರಾಜೆಕ್ಟಿಗೆ ಒಳ್ಳೇ ವಿಷಯ ಕೂಡ. ಆದ್ರೆ ಹಾಸನ್ನ ಎಷ್ಟು ಬಿಗಿಯಬೇಕು, ಪಂಜಾ ಎಷ್ಟು ಜೋರಾಗಿ ಹೊಡೀಬೇಕು ಅನ್ನೋದು ಕೈಗೆ ಮಾತ್ರ ಗೊತ್ತು. ಒಬ್ಬರ ಪಕ್ಕ ಇನ್ನೊಬ್ಬರು ಕೂತೇ ಅದನ್ನ ಕಲೀಬೇಕು.

ಕೊಳ್ಳುವಾಗ ಏನು ನೋಡಬೇಕು? ಜಮಖಾನ ತಿರುವಿ ಹಾಕಿ. ಕೈಯಲ್ಲಿ ಹೀಗೆ ನೇಯ್ದದ್ದಾದ್ರೆ ಎರಡೂ ಕಡೆ ಒಂದೇ ಚಿತ್ರ, ಒಂದೇ ಬಣ್ಣ ಇರುತ್ತೆ. ಪ್ರಿಂಟ್ ಮಾಡಿದ್ದು ಹಿಂದೆ ಮಂಕಾಗಿರುತ್ತೆ. ಜಿಐ ನೋಂದಣಿ ಇರೋದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಲ್ಲಿ, ಕಾವೇರಿ ಮಳಿಗೆಗಳೂ ಆ ನಿಗಮದವೇ. ಹುಬ್ಬಳ್ಳಿ ಕಡೆ ಹೋಗೋ ಗೆಳೆಯರು ಒಂದು ದಿನ ಬಿಡುವು ಮಾಡಿಕೊಂಡು ನವಲಗುಂದಕ್ಕೇ ಹೋಗಿ ಮಗ್ಗ ನೋಡಿ ಬಂದ್ರೆ ಇನ್ನೂ ಒಳ್ಳೇದು.