ಗೆರೆ ದಾಟಿದ ಕ್ಷಣಕ್ಕೊಂದು ಸಾಕ್ಷಿ

ಸೇವೆಯಲ್ಲಿದ್ದ ದಿನಗಳಲ್ಲಿ ಮುದ್ದೇಬಿಹಾಳ ಭಾಗದ ಶಾಲಾ ಕ್ರೀಡಾಕೂಟವೊಂದಕ್ಕೆ ಅತಿಥಿಯಾಗಿ ಹೋಗಿದ್ದೆ. ನೂರು ಮೀಟರ್ ಓಟದಲ್ಲಿ ಇಬ್ಬರು ಬಾಲಕಿಯರು ಸುಣ್ಣದ ಗೆರೆಯನ್ನು ಒಟ್ಟಿಗೇ ದಾಟಿದರು. ತೀರ್ಪುಗಾರರಲ್ಲಿ ಒಮ್ಮತವಿರಲಿಲ್ಲ. ‘ಸಾಹೇಬ್ರು ಎದುರಿಗೇ ಕುಂತಿದ್ರಲ್ರೀ, ಅವರೇ ಹೇಳಲಿ’ ಎಂದರು. ನಾನು ಒಬ್ಬಳತ್ತ ಬೆರಳು ತೋರಿದೆ. ಇನ್ನೊಬ್ಬಳು ಮಾತಿಲ್ಲದೆ ಹೊರಟುಹೋದಳು. ನಾನು ನಿಜಕ್ಕೂ ಕಂಡಿದ್ದೆನೆ ಎಂಬ ಪ್ರಶ್ನೆ ಇಂದಿಗೂ ಕಾಡುತ್ತದೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನ ಕಂಚನ್ನು ಕಳೆದುಕೊಂಡದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಆ ನೋವಿಗೆ ಕನಿಷ್ಠ ಯಂತ್ರದ ಸಾಕ್ಷಿಯಿತ್ತು. ನಮ್ಮ ಹಳ್ಳಿಯ ಮಕ್ಕಳಿಗೆ ಅದೂ ಇಲ್ಲ. ತಾಲ್ಲೂಕು ಮಟ್ಟದಲ್ಲಿ ಹಿಂದುಳಿದವರಿಗೆ ಜಿಲ್ಲೆಯ ಬಾಗಿಲು ತೆರೆಯುವುದಿಲ್ಲ.

ದೊಡ್ಡ ಕ್ರೀಡಾಂಗಣಗಳ ಫೋಟೊ ಫಿನಿಷ್ ಯಂತ್ರಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಗೆರೆಯನ್ನು ದಾಖಲಿಸುತ್ತವೆ. ಅವು ತಾಲ್ಲೂಕಿನ ಕೈಗೆಟುಕುವಂಥವಲ್ಲ. ಆದರೆ ಅಷ್ಟು ಬೇಕೆ? ಲೆಕ್ಕ ಹಾಕೋಣ. ಬಾಲಕಿಯೊಬ್ಬಳು ಸೆಕೆಂಡಿಗೆ ಏಳು ಮೀಟರ್ ಓಡುತ್ತಾಳೆ ಎನ್ನೋಣ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಸಾಮಾನ್ಯ ಕ್ಯಾಮೆರಾದಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ ಅವಳು ಸುಮಾರು 23 ಸೆಂಟಿಮೀಟರ್ ಸರಿದಿರುತ್ತಾಳೆ. 120 ಚಿತ್ರಗಳಾದರೆ ಆ ಅಂತರ ಸುಮಾರು ಆರು ಸೆಂಟಿಮೀಟರ್, 240 ಆದರೆ ಮೂರು, 960 ಆದರೆ ಒಂದಕ್ಕೂ ಕಡಿಮೆ. ಮೊದಲ ಜಿಗಿತದಲ್ಲಿ 17 ಸೆಂಟಿಮೀಟರಿನ ಲಾಭ. 240ರಿಂದ 960ಕ್ಕೆ ಹೋದರೆ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು. ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ಎನ್ನುವುದು ಇದನ್ನೇ. ಬಡ ಶಾಲೆಯ ಹಣ 240ರಲ್ಲಿ ನಿಂತರೆ ಸಾಕು.

ಹೆಚ್ಚಿನ ವೇಗಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. ಸೆಕೆಂಡಿಗೆ 240 ಚಿತ್ರವೆಂದರೆ ಪ್ರತಿ ಚಿತ್ರಕ್ಕೆ ಸಿಗುವ ಬೆಳಕಿನ ಅವಧಿ ಸೆಕೆಂಡಿನ 240ನೇ ಒಂದು ಭಾಗವನ್ನು ಮೀರದು. ನಮ್ಮ ಬಯಲಿನಲ್ಲಿ ಬಿಸಿಲಿಗೆ ಬರವಿಲ್ಲ, ನಿಜ. ಮೋಡ ಕವಿದ ಸಂಜೆ ಚಿತ್ರ ಮಸುಕಾಗುತ್ತದೆ. ವೇಗ ಏರಿದಂತೆ ಸ್ಪಷ್ಟತೆ ಇಳಿಯುವ ಕ್ಯಾಮೆರಾಗಳೂ ಉಂಟು. 960 ಎಂದು ಸಾರುವ ಕೆಲವು ಮೊಬೈಲುಗಳು ಸೆಕೆಂಡಿನ ಒಂದಂಶ ಕಾಲ ಮಾತ್ರ ಆ ವೇಗದಲ್ಲಿ ಚಿತ್ರೀಕರಿಸುತ್ತವೆ. ಇನ್ನು ಕೆಲವು ಎರಡು ಚಿತ್ರಗಳ ನಡುವೆ ತಾವೇ ಊಹಿಸಿದ ಚಿತ್ರವನ್ನು ತುಂಬುತ್ತವೆ. ನ್ಯಾಯ ಹೇಳುವವನಿಗೆ ಊಹೆಯ ಸಾಕ್ಷಿ ಯಾತಕ್ಕೆ? ಕೊಳ್ಳುವ ಮುನ್ನ ಅಂಗಡಿಯ ಹೊರಗೆ, ಓಡುವ ಹುಡುಗನೊಬ್ಬನನ್ನು ಚಿತ್ರೀಕರಿಸಿ ಒಂದೊಂದೇ ಚಿತ್ರವಾಗಿ ನೋಡುವುದು ಲೇಸು.

ಕ್ಯಾಮೆರಾವನ್ನು ಗೆರೆಯ ನೇರಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಓರೆಯಾದರೆ ಹತ್ತಿರದವಳು ಮುಂದಿದ್ದಂತೆ ಕಾಣಬಹುದು. ಇದರಿಂದ ಕ್ರಮ ತಿಳಿಯುತ್ತದೆ, ಸಮಯವಲ್ಲ. ಪಿಸ್ತೂಲಿನ ಸದ್ದು ನೂರು ಮೀಟರ್ ದಾಟಲು ಸುಮಾರು 0.3 ಸೆಕೆಂಡ್ ಬೇಕು. ಸದ್ದು ಕೇಳಿ ಗಡಿಯಾರ ಒತ್ತಿದರೆ ಎಲ್ಲರೂ ಅಷ್ಟು ವೇಗಿಗಳಾಗುತ್ತಾರೆ! ಹೊಗೆ ನೋಡಿ ಒತ್ತುವುದೇ ಸರಿಯಾದ ಪದ್ಧತಿ.

ಶಾಲೆಗೊಂದು ಕ್ಯಾಮೆರಾ ಬೇಕಿಲ್ಲ. ಈ ಸೌಲಭ್ಯ ಅನೇಕ ಶಿಕ್ಷಕರ ಮೊಬೈಲಿನಲ್ಲೇ ಇರಬಹುದು. ಇಲ್ಲವಾದರೆ ತಾಲ್ಲೂಕಿಗೊಂದನ್ನು ಕೊಂಡು ಕೂಟದಿಂದ ಕೂಟಕ್ಕೆ ಸಾಗಿಸಬಹುದು. ಅಗ್ಗ ಯಾವುದೆಂದು ನಿರ್ಧರಿಸುವುದು ಬೆಲೆಯ ಚೀಟಿಯಲ್ಲ, ಅದನ್ನು ಎಷ್ಟು ಮಕ್ಕಳಿಗಾಗಿ ಬಳಸಿದೆವು ಎಂಬುದು.

ಅಂದು ನನ್ನ ಬೆರಳಿಗೆ ಅಧಿಕಾರವಿತ್ತು, ಆಧಾರವಿರಲಿಲ್ಲ. ಇಂದು ಆಧಾರ ಕೈಗೆಟುಕುವಂತಿರುವಾಗ ಸಾಹೇಬರ ಬೆರಳನ್ನು ಏಕೆ ನಂಬಬೇಕು?